ಬೆಂಚಿನಿಂದ ತಂದ ಕಾಯಿಲೆಗಳು

ಕಳೆದ ವಾರ ಪಡಿತರ ಚೀಟಿಯ ನಕಲು ಮಾಡಿಸಲು ನಮ್ಮ ಮೈಸೂರಿನ ಶ್ರೀರಾಂಪುರದ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಯಂತ್ರದಿಂದ ಆಗತಾನೆ ಹೊರಬಂದ ಹಾಳೆಯನ್ನು ಅಂಗಡಿಯಾಕೆ ಕೈಗಿಟ್ಟಳು. ಹಾಳೆ ಬೆಚ್ಚಗಿತ್ತು. ಇಸ್ತ್ರಿ ಪೆಟ್ಟಿಗೆಯದ್ದೋ ಹೊಸ ಬಣ್ಣದ್ದೋ ಎಂದು ಹೇಳಲಾಗದ ಒಂದು ವಾಸನೆ ಅದರಿಂದ ಬರುತ್ತಿತ್ತು. ಅದು ಮೂಗಿಗೆ ಬಿದ್ದದ್ದೇ ತಡ, ಚೈತ್ರಾ ಓದಲು ಅರ್ಜಿ ಹಾಕಿದ ಆ ಬೇಸಿಗೆ ಪೂರ್ತಿಯಾಗಿ ನೆನಪಿಗೆ ಬಂತು. ಆಗ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ, ಟಿವಿಯ ಮೇಲೆ, ಹಾಸಿಗೆಯ ಮೇಲೆ ಎಲ್ಲೆಲ್ಲೂ ಅಂಕಪಟ್ಟಿಗಳ ನಕಲುಗಳಿದ್ದವು. ಒಂದು ದಿನ ಅವುಗಳಲ್ಲೊಂದನ್ನು ಬಿಸಿ ಪಾತ್ರೆಯ ಕೆಳಗೆ ಇಟ್ಟು ನಾನು ಬೈಸಿಕೊಂಡಿದ್ದೆ.

ಚೈತ್ರಾ ನನ್ನ ಸೊಸೆ, ನನ್ನ ಒಬ್ಬನೇ ಮಗ ನವೀನನ ಹೆಂಡತಿ. ನವೀನ ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು. ಐದು ದಿನದ ಜ್ವರ. ಊರಿನ ತುಂಬ ಹಾಕಿದ್ದ ದಸರಾ ದೀಪಗಳನ್ನು ಇನ್ನೂ ಬಿಚ್ಚುತ್ತಿದ್ದರು. ಅವನಿಗೆ ಮೂವತ್ತೆರಡು ವಯಸ್ಸು. ಅದರ ಬಗ್ಗೆ ಬರೆಯಲು ಕೂತಾಗಲೆಲ್ಲ ಇಷ್ಟೇ ಬರುತ್ತದೆ. ಆದ್ದರಿಂದ ಮುಂದಿನದನ್ನು ಬರೆಯುತ್ತೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನವೀನ ಏಳನೇ ತರಗತಿಯಲ್ಲಿದ್ದಾಗ ನನ್ನ ಗಂಡ ಹೋದರು. ಅವತ್ತಿನಿಂದ ಒಬ್ಬ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ ಮಾಡುತ್ತಿದ್ದೇನೆ. ಬಂದವರ ಹೆಸರು, ವಯಸ್ಸು, ಎಲ್ಲಿ ನೋವು, ಎಷ್ಟು ದಿನದಿಂದ, ಇಷ್ಟನ್ನು ಕೇಳಿ ಬರೆದು ಅವರನ್ನು ಬೆಂಚಿನ ಮೇಲೆ ಕೂರಿಸಬೇಕು. ಹಲ್ಲುನೋವಿನವರು ಮಾತಾಡುವುದಿಲ್ಲ ಎಂದು ನೀವು ಅಂದುಕೊಂಡಿದ್ದರೆ ಅದು ತಪ್ಪು. ಕೆನ್ನೆ ಹಿಡಿದುಕೊಂಡು ಗಂಟೆಗಟ್ಟಲೆ ಮಾತಾಡುತ್ತಾರೆ. ಅದೂ ಹಲ್ಲಿನ ವಿಷಯ ಒಂದನ್ನು ಬಿಟ್ಟು.

ಚೈತ್ರಾ ಒಂದು ವಿಮೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ನವೀನನ ತಿಥಿಯೆಲ್ಲ ಮುಗಿದ ಮೇಲೆ ಕಡಕೊಳದಿಂದ ಅವಳ ಅಪ್ಪ ಕರೆದುಕೊಂಡು ಹೋಗಲು ಬಂದರು. "ಸ್ವಲ್ಪ ದಿನ ಇಲ್ಲೇ ಇರ್ತೀನಿ ಅಪ್ಪಾಜಿ" ಎಂದಳು. ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಸ್ವಲ್ಪ ದಿನ ಎಂದರೆ ಎಷ್ಟು ಎಂದು ನಾವು ಮೂವರೂ ಕೇಳಲಿಲ್ಲ.

ಶಿವರಾತ್ರಿ ಕಳೆದ ಮಾರನೆ ದಿನ ಕಾಫಿ ಕುಡಿಯುವಾಗ ಅವಳು ಹೇಳಿದಳು: "ಅತ್ತೆ, ನಾನು ಮತ್ತೆ ಓದ್ಬೇಕು ಅಂತಿದೀನಿ."

"ಏನು ಓದ್ತೀಯವ್ವ?"

"ಕ್ಲಿನಿಕಲ್ ಸೈಕಾಲಜಿ. ಎರಡು ವರ್ಷ."

"ಕ್ಲಿನಿಕ್ಕು ಅಂದ್ರೆ ನಮ್ ಡಾಕ್ಟರಮ್ಮಂದು ಇದ್ದಂಗಾ?"

ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳು ನಕ್ಕಳು. "ಹೂಂ, ಹಲ್ಲು ಕೀಳಲ್ಲ ಅಷ್ಟೇ. ಮನಸ್ಸಿಗೆ ಸಂಬಂಧಪಟ್ಟಿದ್ದು."

"ಮಾತ್ರೆ ಕೊಡ್ತೀಯಾ?"

"ಇಲ್ಲ, ಮಾತ್ರೆ ಕೊಡೋ ಡಾಕ್ಟ್ರು ಬೇರೆ ಇರ್ತಾರೆ. ನಾವು ಕೇಳ್ಬೇಕು, ಪರೀಕ್ಷೆ ಮಾಡ್ಬೇಕು, ಮಾತಾಡ್ತಾ ಮಾತಾಡ್ತಾ ಅವರಿಗೆ ದಾರಿ ತೋರಿಸ್ಬೇಕು."

ಮಾತಾಡಿಸಿ ವಾಸಿ ಮಾಡುವುದು ಹೇಗೆ? ನನಗೆ ಅದು ಬಗೆಹರಿಯಲಿಲ್ಲ. ಇಪ್ಪತ್ತು ವರ್ಷದಿಂದ ನಾನೂ ಬೆಂಚಿನ ಮೇಲೆ ಕೂತವರನ್ನು ಮಾತಾಡಿಸುತ್ತಲೇ ಇದ್ದೆ. ಒಬ್ಬರಿಗೂ ಏನೂ ವಾಸಿಯಾದದ್ದು ಕಾಣೆ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ಇದನ್ನೇ ಯೋಚಿಸುತ್ತಿದ್ದೆ. ನವೀನ ಹೋದ ಮೇಲೆ ಬೇರೊಂದು ವಿಷಯಕ್ಕೆ ನನ್ನ ತಲೆ ಹೋದದ್ದು ಅದೇ ಮೊದಲು.

ಅವಳು ಮೂರು ಕಡೆ ಅರ್ಜಿ ಹಾಕುವವಳಿದ್ದಳು. ಇಲ್ಲಿ ಮೈಸೂರಿನಲ್ಲೇ ಒಂದು, ಬೆಂಗಳೂರಿನಲ್ಲಿ ಒಂದು, ಮಂಗಳೂರಿನಲ್ಲಿ ಒಂದು. ಮನಸ್ಸಿದ್ದದ್ದು ಮಂಗಳೂರಿನ ಮೇಲೆ. ಅಲ್ಲಿ ಕಾಲೇಜಿನ ಜೊತೆಗೇ ಆಸ್ಪತ್ರೆ ಇದೆಯಂತೆ, ಎರಡನೇ ತಿಂಗಳಿನಿಂದಲೇ ರೋಗಿಗಳ ಜೊತೆ ಕೂರಿಸುತ್ತಾರಂತೆ. ಅರ್ಜಿಗೆ ಅಂಕಪಟ್ಟಿ ಬೇಕು, ಹಳೆಯ ಮೇಷ್ಟರುಗಳಿಂದ ಎರಡು ಶಿಫಾರಸು ಪತ್ರ ಬೇಕು, 'ಈ ವಿಷಯವನ್ನು ಏಕೆ ಓದಬಯಸುತ್ತೀರಿ' ಎಂದು ಒಂದು ಪುಟ ಬರೆಯಬೇಕು. ಆಮೇಲೆ ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ. ಸಂದರ್ಶನದಲ್ಲಿ ಒಬ್ಬರನ್ನು ಎದುರಿಗೆ ಕೂರಿಸಿ 'ಇವರ ಕಷ್ಟವೇನು, ಕೇಳಿ ತಿಳಿದುಕೊಳ್ಳಿ' ಎಂದರೂ ಎನ್ನಬಹುದು ಎಂದು ಅದೇ ಓದು ಓದಿದ್ದ ಅವಳ ಕಾಲೇಜಿನ ಸೀನಿಯರ್ ಒಬ್ಬಳು ಹೆದರಿಸಿದ್ದಳು.

"ಅತ್ತೆ, ಭಾನುವಾರ ತಿಂಡಿ ಆದ್ಮೇಲೆ ಮುಕ್ಕಾಲು ಗಂಟೆ ನಂಗೆ ಕೊಡ್ತೀರಾ? ಮನೆಯವರನ್ನ ನಿಜವಾದ ಕೇಸಾಗಿ ತಗೋಬಾರ್ದು. ಇದು ಬರೀ ಪ್ರಾಕ್ಟೀಸು, ಪ್ರಶ್ನೆ ಬಾಯಿಗೆ ಕೂರ್ಲಿ ಅಂತ."

"ನಾನೇನು ಮಾಡ್ಬೇಕು?"

"ಏನೂ ಇಲ್ಲ. ಕೇಳಿದ್ದಕ್ಕೆ ಹೇಳ್ಬೇಕು."

ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಲಿನಲ್ಲಿ ಹಾಕಿದಳು. ಎದುರುಬದುರು ಹಾಕಬಾರದಂತೆ, ಕೂತವರಿಗೆ ಪೊಲೀಸ್ ಠಾಣೆಯಲ್ಲಿ ಕೂತಂತೆ ಆಗುತ್ತದಂತೆ. ಸ್ವಲ್ಪ ಓರೆಯಾಗಿ ಹಾಕಬೇಕು. ಅವಳ ತೊಡೆಯ ಮೇಲೆ ಖಾನೆ ಖಾನೆಯಾಗಿ ಅಚ್ಚು ಮಾಡಿದ ಒಂದು ಹಾಳೆ. ಮೊದಲು ಹೇಳಬೇಕಾದ ಮಾತನ್ನು ಗಂಟಲು ಸರಿಮಾಡಿಕೊಂಡು ಹೇಳಿದಳು: "ನೀವು ಇಲ್ಲಿ ಹೇಳಿದ್ದು ಇಲ್ಲೇ ಇರತ್ತೆ. ನಿಮ್ಮನ್ನ ಕೇಳ್ದೆ ಯಾರಿಗೂ ಹೇಳಲ್ಲ."

ಅಂಥ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಕೇಳಲು ಚೆನ್ನಾಗಿತ್ತು.

"ನಿಮ್ಮ ಹೆಸರು?"

"ಇದೇನೇ, ನನ್ನ ಹೆಸ್ರು ಗೊತ್ತಿಲ್ವಾ ನಿಂಗೆ?"

"ಅತ್ತೆ, ಪ್ಲೀಸ್. ಗೊತ್ತಿಲ್ಲ ಅಂದ್ಕೊಳ್ಳಿ."

"ಜಯಲಕ್ಷ್ಮಿ. ಐವತ್ನಾಲ್ಕು."

"ಏನು ತೊಂದರೆ ಅಂತ ಬಂದಿದೀರಿ?"

"ನಾನೆಲ್ ಬಂದೆ? ನಮ್ಮನೇಲೇ ಇದೀನಲ್ಲ."

ಅವಳು ಏನೂ ಅನ್ನದೆ ನನ್ನನ್ನೇ ನೋಡುತ್ತ ಕೂತಳು. ಪ್ರಶ್ನೆ ಮರೆತಿದ್ದಾಳೆ ಎಂದುಕೊಂಡು "ಮುಂದಿಂದು ಹಾಳೆ ನೋಡ್ಕೊಂಡು ಕೇಳು ಮಗ, ಪರವಾಗಿಲ್ಲ" ಎಂದೆ. ಅದು ಮರೆವಲ್ಲವಂತೆ. ಕೇಳಿ ಸುಮ್ಮನಿರುವುದೂ ಕಲಿಯಬೇಕಾದ ವಿದ್ಯೆಯಂತೆ. ನಿದ್ದೆ ಹೇಗಿದೆ? ಬರುತ್ತದೆ. ಊಟ? ಸೇರುತ್ತದೆ. ಮನಸ್ಸು? ಚೆನ್ನಾಗೇ ಇದೆ. ಒಂದೊಂದು ಖಾನೆಯಲ್ಲೂ ಒಂದೊಂದು ಗೀಟು ಎಳೆಯುತ್ತ ಹೋಗಿ ಹತ್ತು ನಿಮಿಷಕ್ಕೆ ಮುಗಿಸಿಬಿಟ್ಟಳು. ಇನ್ನೂ ಮೂವತ್ತೈದು ನಿಮಿಷ ಉಳಿದಿತ್ತು. ಅವಳ ಮುಖ ಸಣ್ಣದಾಯಿತು.

ನನಗೆ ಪಾಪ ಎನ್ನಿಸಿತು. ಹಲ್ಲುನೋವೇ ಇಲ್ಲದವರು ಬಾಯಿ ತೆರೆದು ಕೂತರೆ ನಮ್ಮ ಡಾಕ್ಟರಮ್ಮ ತಾನೆ ಏನು ಮಾಡಿಯಾರು? ಕೈ ಪಳಗಬೇಕಾದರೆ ಹುಳುಕು ಹಲ್ಲು ಬೇಕು. ಈ ಹುಡುಗಿ ಕಲಿಯಬೇಕಾದರೆ ನನ್ನಲ್ಲಿ ಏನಾದರೂ ಇರಬೇಕು. ಇಲ್ಲದಿದ್ದರೆ ತರಬೇಕು. ಹೀಗೆ ಯೋಚಿಸಿದೆ ನಾನು.

ಮುಂದಿನ ಭಾನುವಾರ ಅವಳು ಕೇಳಿದ ಕೂಡಲೆ "ಗ್ಯಾಸಿಂದು ಒಂದು ತೊಂದರೆ ಅದೆ" ಎಂದೆ. ಹೊಟ್ಟೆಯ ಗ್ಯಾಸು ಎಂದು ಬರೆದುಕೊಳ್ಳಲು ಹೊರಟಳು. "ಅಲ್ಲ ಕಣವ್ವ, ಒಲೆದು. ಆಫ್ ಮಾಡಿದೀನೋ ಇಲ್ವೋ ಅಂತ ಹತ್ತು ಸಲ ನೋಡ್ತೀನಿ. ಬಸ್‌ಸ್ಟಾಪಿಂದ ವಾಪಸ್ ಬಂದು ನೋಡಿದ್ದೂ ಉಂಟು."

ಅದು ಆ ವಾರ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತ ಒಬ್ಬ ಹೆಂಗಸು ನನಗೆ ಹೇಳಿದ್ದು. ಚೈತ್ರಾಳ ಪೆನ್ನು ಓಡತೊಡಗಿತು. ಕಣ್ಣಿನಲ್ಲಿ ಬೆಳಕು ಬಂತು. ಎಷ್ಟು ಸಲ? ಯಾವಾಗಿನಿಂದ? ನೋಡದೇ ಇದ್ದರೆ ಏನಾಗುತ್ತದೆ ಅನ್ನಿಸುತ್ತದೆ? ಕೊನೆಯದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಏಕೆಂದರೆ ಆ ಹೆಂಗಸನ್ನು ನಾನು ಅದನ್ನು ಕೇಳಿರಲಿಲ್ಲ. "ಮುಂದಿನ್ ವಾರ ಹೇಳ್ತೀನಿ" ಎಂದೆ. ಅವಳು ಅದನ್ನೂ ಬರೆದುಕೊಂಡಳು.

ಮಂಗಳವಾರ ಆ ಹೆಂಗಸು ಮತ್ತೆ ಬಂದಾಗ ಚೀಟಿ ಬರೆಯುತ್ತ ಕೇಳಿಯೇಬಿಟ್ಟೆ. ಕೇಳಿ, ಚೈತ್ರಾ ಮಾಡುವಂತೆ ಸುಮ್ಮನೆ ಕೂತೆ. ಆಕೆ ನನ್ನ ಮುಖ ನೋಡಿದರು, ಆಮೇಲೆ ಗೋಡೆ ನೋಡಿದರು, ಆಮೇಲೆ ಅರ್ಧ ಗಂಟೆ ಮಾತಾಡಿದರು. ಏನು ಹೇಳಿದರು ಎಂದು ಇಲ್ಲಿ ಬರೆಯುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಬೆಂಚಿನ ಮೇಲೆ ಕೇಳಿದ ಮಾತುಗಳಿಗೂ ಅವತ್ತಿನ ಮಾತಿಗೂ ಅಜಗಜಾಂತರ. ಒಂದು ಪ್ರಶ್ನೆ ಮನುಷ್ಯರನ್ನು ಇಷ್ಟು ದೂರ ಕರೆದುಕೊಂಡು ಹೋಗುತ್ತದೆಯೇ ಎಂದು ನನಗೆ ಬೆರಗಾಯಿತು. ಅವತ್ತಿನಿಂದ ನನಗೆ ಅದರ ರುಚಿ ಹತ್ತಿತು. ಭಾನುವಾರ ಮನೆಯಲ್ಲಿ ಪ್ರಶ್ನೆ ಕಲಿಯುವುದು, ವಾರವಿಡೀ ಬೆಂಚಿನವರನ್ನು ಕೇಳುವುದು, ಸಿಕ್ಕಿದ ಉತ್ತರವನ್ನು ಮುಂದಿನ ಭಾನುವಾರ ನನ್ನದೆಂದು ಒಪ್ಪಿಸುವುದು. ಮೂರನೆಯ ವಾರ ನನಗೆ ತುಂಬಿದ ಬಸ್ಸನ್ನು ಕಂಡರೆ ಎದೆ ಹೊಡೆದುಕೊಳ್ಳುವ ಕಾಯಿಲೆ ಬಂತು. ಅದು ಒಬ್ಬ ಸ್ಕೂಲ್ ಮೇಷ್ಟರದ್ದು. ಚೈತ್ರಾ ಎರಡು ಹಾಳೆ ಹೆಚ್ಚಿಗೆ ಜೆರಾಕ್ಸ್ ಮಾಡಿಸಿಕೊಂಡು ಬಂದಳು. ನನಗೆ ಸಂತೋಷವಾಯಿತು.

ನಾಲ್ಕನೆಯ ಭಾನುವಾರ ನಾನು ತಂದದ್ದು ಒಬ್ಬ ವಯಸ್ಸಾದ ಗಂಡಸಿನ ಮಾತು. ಹೆಂಡತಿ ಹೋಗಿ ಎರಡು ವರ್ಷವಾಗಿತ್ತು. ಮಹಡಿಯ ಮೆಟ್ಟಿಲು ಹತ್ತುವಾಗ ಆಕೆ ಹಿಂದಿನಿಂದ ಕರೆದಂತೆ ಕೇಳಿಸುತ್ತದೆ ಎಂದಿದ್ದರು. ನಾನು ಮೆಟ್ಟಿಲು ತೆಗೆದು ಹಿತ್ತಿಲು ಹಾಕಿ ಹೇಳಿದೆ. "ಬಟ್ಟೆ ಒಣಗಾಕ್ತಾ ಇದ್ರೆ ಯಾರೋ ಒಳಗಿಂದ ಕರೆದಂಗೆ ಆಯ್ತದೆ."

ಚೈತ್ರಾ ಬರೆಯುವುದನ್ನು ನಿಲ್ಲಿಸಿದಳು.

"ಯಾರ ಧ್ವನಿ ಅತ್ತೆ?"

ಆಗ ನನಗೆ ಎಚ್ಚರವಾಯಿತು. ಆದರೆ ಅರ್ಧ ದಾರಿ ಬಂದಾಗಿತ್ತು. ಬೇರೆ ಯಾರ ಹೆಸರು ಹೇಳಲಿ?

"ನವೀನಂದು" ಎಂದೆ.

ನಮ್ಮಿಬ್ಬರ ನಡುವೆ ಆ ಹೆಸರು ಬಂದು ಎಷ್ಟೋ ದಿನವಾಗಿತ್ತು. ಮುಕ್ಕಾಲು ಗಂಟೆಗೆಂದು ಇಟ್ಟಿದ್ದ ಫೋನಿನ ಗಡಿಯಾರವನ್ನು ಅವಳು ನಿಲ್ಲಿಸಿದಳು. ಅಡುಗೆಮನೆಗೆ ಹೋಗಿ ನೀರು ಕುಡಿದಳು. ಬಂದು "ಇವತ್ತಿಗೆ ಸಾಕು ಅತ್ತೆ" ಎಂದು ಕುರ್ಚಿಗಳನ್ನು ಗೋಡೆಗೆ ಒರಗಿಸಿದಳು. ಮಗನ ಹೆಸರಿನಲ್ಲಿ ಸುಳ್ಳು ಹೇಳಿದ್ದೆ. ಅವತ್ತೇ ಹೇಳಿಬಿಡಬೇಕಿತ್ತು, ಹೇಳಲಿಲ್ಲ.

ಏಕೆ ಹೇಳಲಿಲ್ಲ ಎಂಬುದನ್ನೂ ಬರೆಯುತ್ತೇನೆ. ಮಾರನೆ ದಿನದಿಂದ ಅವಳು ಕ್ಲಿನಿಕ್ಕಿಗೆ ದಿನಕ್ಕೆ ಎರಡು ಸಲ ಫೋನ್ ಮಾಡತೊಡಗಿದಳು. ಊಟ ಆಯ್ತಾ, ಏನು ಮಾಡ್ತಿದೀರಿ ಎಂದು ವಿಚಾರಿಸುವಳು. ಕಚೇರಿಯಿಂದ ಬೇಗ ಬರುವಳು. ತನ್ನ ಹಾಸಿಗೆಯನ್ನು ನನ್ನ ಕೋಣೆಗೆ ತಂದು ಹಾಸಿಕೊಂಡಳು. ನನಗೆ ಅದು ಹಿತವಾಗಿತ್ತು. ನನ್ನ ಅಮ್ಮ ಹೋದ ಮೇಲೆ ಯಾರೂ ನನ್ನನ್ನು ಹಾಗೆ ನೋಡಿಕೊಂಡಿರಲಿಲ್ಲ. ಇನ್ನೊಂದು ವಾರ ಇರಲಿ, ಆಮೇಲೆ ಹೇಳೋಣ ಎಂದು ಮುಂದೂಡಿದೆ. ಅಷ್ಟರಲ್ಲಿ ಮೈಸೂರಿನ ಅರ್ಜಿಯೂ ಬೆಂಗಳೂರಿನ ಅರ್ಜಿಯೂ ಹೋಗಿದ್ದವು. ಮಂಗಳೂರಿನದಕ್ಕೆ ಬುಧವಾರ ಸಂಜೆ ಐದು ಗಂಟೆ ಕೊನೆ ಎಂದು ಕ್ಯಾಲೆಂಡರಿನಲ್ಲಿ ಅವಳೇ ಸುತ್ತು ಹಾಕಿದ್ದಳು.

ಮುಂದಿನ ಭಾನುವಾರ ಅವಳು ಕುರ್ಚಿಗಳನ್ನು ಹಾಕಲಿಲ್ಲ. ಮಾರನೆ ದಿನ ಸೋಮವಾರ ಮಧ್ಯಾಹ್ನ ಕ್ಲಿನಿಕ್ಕಿನಿಂದ ಊಟಕ್ಕೆ ಬಂದಾಗ ಬಾಗಿಲ ಮುಂದೆ ಪುಟ್ಟಮ್ಮಕ್ಕ ಕೂತಿದ್ದರು. ಪಕ್ಕದಲ್ಲಿ ಒಂದು ದೊಡ್ಡ ಚೀಲ. ಪುಟ್ಟಮ್ಮಕ್ಕ ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ನಾವಿಬ್ಬರೂ ಅಲ್ಲಿನ ಒಂದೇ ಮನೆಗೆ ಸೊಸೆಯರಾಗಿ ಹೋದವರು.

"ಎಂಗಿದ್ದೀಯೆ ಜಯಾ?" ಎಂದರು, ಆಸ್ಪತ್ರೆಯ ಮಂಚದ ಪಕ್ಕ ನಿಂತವರ ದನಿಯಲ್ಲಿ.

"ಚೆನ್ನಾಗೇ ಇವ್ನಿ ಕಣಕ್ಕ."

"ಅಂಗೇ ಅನ್ನಾದು ಎಲ್ಲಾರೂವೆ. ನಡಿ ಒಳಿಕ್ಕೆ."

ಒಳಗೆ ಬಂದು ಸೀದಾ ಅಡುಗೆಮನೆಗೆ ಹೋದರು. ಗ್ಯಾಸಿನ ಗುಬ್ಬಿ ತಿರುಗಿಸಿ ನೋಡಿದರು. ಬೆಂಕಿಪೊಟ್ಟಣ ತೆಗೆದು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇನ್ಮ್ಯಾಕೆ ಒಲೆ ನಂದು. ನೀ ಮುಟ್ಬ್ಯಾಡ." ನಾನು ಬಟ್ಟೆ ತೆಗೆಯಲು ಹಿತ್ತಿಲಿಗೆ ಹೊರಟರೆ ಹಿಂದೆಯೇ ಬಂದರು. "ಈಗೇನಾರ ಕೇಳುಸ್ತಾ?"

"ಏನು ಕೇಳ್ಸ್ಬೇಕಕ್ಕ?"

"ಏನಿಲ್ಲ ಬುಡು. ನೀ ಬಟ್ಟೆ ತಕ್ಕೊ."

ನನಗೆ ಅರ್ಥವಾಯಿತು. ಆದರೂ ಅವರ ಬಾಯಿಂದಲೇ ಬರಲಿ ಎಂದು ಸುಮ್ಮನೆ ನಿಂತೆ. ಆ ವಿದ್ಯೆ ಪುಟ್ಟಮ್ಮಕ್ಕನ ಮೇಲೂ ನಡೆಯಿತು. "ಆ ಮಗ ಫೋನ್ ಮಾಡಿ ಅತ್ಬುಟ್ಲು ಕಣೆ. ವಸಿ ದಿನ ನಿನ್ ಜೊತೆ ಇರಿ ದೊಡ್ಡತ್ತೆ ಅಂದ್ಲು. ಮಂಗ್ಳೂರ್ದ ಬುಟ್ಟೇ ಬುಟ್ಲಂತೆ. ಅಷ್ಟು ದೂರ ನಿನ್ನ ಬುಟ್ಟು ಎಂಗೋಗಾದು ಅಂತ. ಮೈಸೂರಲ್ಲಿ ಸಿಕ್ರೆ ಓದ್ತೀನಿ, ಇಲ್ದಿದ್ರೆ ಕಚೇರಿ ಕೆಲ್ಸಾನೇ ಸಾಕು ಅಂದ್ಲು."

ಕೈಯಲ್ಲಿದ್ದ ಬಟ್ಟೆಗಳನ್ನು ತಂತಿಯ ಮೇಲೇ ಹಾಕಿ ಒಳಗೆ ಬಂದು ಕೂತೆ. ಅವಳು ಕಲಿಯಲಿ ಎಂದು ನಾನು ತಂದು ಕೊಟ್ಟ ಕಾಯಿಲೆಗಳೇ ಅವಳ ಓದಿಗೆ ಅಡ್ಡ ಕೂತಿದ್ದವು. ಅದರಲ್ಲಿ ಒಂದೂ ನನ್ನದಾಗಿರಲಿಲ್ಲ. ಕೊನೆಯ ದಿನಕ್ಕೆ ಎರಡೇ ದಿನ ಉಳಿದಿತ್ತು.

ಸಂಜೆ ಚೈತ್ರಾ ಬಂದಾಗ ಮಳೆ ಬಂದು ನಿಂತಿತ್ತು. ಪುಟ್ಟಮ್ಮಕ್ಕನನ್ನು ಹೂವು ತರಲು ಕಳಿಸಿ ನಾನೇ ಕುರ್ಚಿಗಳನ್ನು ಓರೆಯಾಗಿ ಹಾಕಿದೆ.

"ಇವತ್ತು ಸೋಮವಾರ ಅತ್ತೆ."

"ಗೊತ್ತು. ಕೂತ್ಕೊ. ಹಾಳೆ ಬ್ಯಾಡ."

ಹೇಳಿದೆ. ಗ್ಯಾಸು, ಬಸ್ಸು, ಹಿತ್ತಿಲಿನ ಧ್ವನಿ, ಎಲ್ಲವನ್ನೂ ಬೆಂಚಿನಿಂದ ತಂದದ್ದು ಎಂದೆ. ಅವಳಿಗೆ ಮೊದಲು ನಂಬಿಕೆ ಬರಲಿಲ್ಲ. ಆಮೇಲೆ ಮುಖ ಕೆಂಪಾಯಿತು.

"ನಾಲ್ಕು ಭಾನುವಾರ ಅತ್ತೆ! ಹದಿನೇಳು ಪುಟ ಬರ್ದಿದೀನಿ. ನಿಮ್ಮ ಹೆಸ್ರು ಹಾಕದೇನೇ ಸೀನಿಯರ್‌ಗೆ ತೋರ್ಸಿದೀನಿ. ಅವ್ರನ್ನ ಒಂಟಿಯಾಗಿ ಬಿಡ್ಬೇಡ ಅಂದ್ಲು ಅವಳು. ನಾನು ರಾತ್ರಿಯೆಲ್ಲ ನೀವು ಉಸಿರಾಡ್ತಿದೀರಾ ಅಂತ ನೋಡ್ತಾ ಮಲಗ್ತಿದ್ದೆ!"

"ನೀನು ಬರ್ಕೋಳಕ್ಕೆ ಏನೂ ಇರ್ಲಿಲ್ಲವಲ್ಲ ಅಂತ…"

"ಪ್ರಾಕ್ಟೀಸಿಗೆ ಕಾಯಿಲೆ ತಂದ್‌ಕೊಡಿ ಅಂತ ನಾನು ಕೇಳಿದ್ನಾ? ಅವ್ರು ಯಾರೋ ನಿಮ್ಮನ್ನ ನಂಬಿ ಹೇಳಿದ್ದು. ಅದನ್ನ ಇಲ್ಲಿಗೆ ತರಬಹುದಾ?"

"ನೀನೂ ಪುಟ್ಟಮ್ಮಕ್ಕಂಗೆ ಹೇಳ್ದೆ" ಎಂದೆ. ಹೇಳಬಾರದಿತ್ತು. ಆದರೆ ಅದು ನಿಜ. ಅವಳು ತಲೆ ತಗ್ಗಿಸಿದಳು. "ಹೌದು. ನಾನೂ ಹೇಳ್ಬಾರ್ದಿತ್ತು" ಎಂದಳು. ಹೊರಗೆ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮಂಗಳೂರಿಂದು ಕಳ್ಸು ಚೈತ್ರಾ. ನಾನು ಚೆನ್ನಾಗಿವ್ನಿ."

"ಅದನ್ನ ನಾನು ಹೇಗೆ ನಂಬ್ಲಿ? ಆಗ ನಂಗೆ ಸಹಾಯ ಆಗ್ಲಿ ಅಂತ ಕಾಯಿಲೆ ಇದೆ ಅಂದ್ರಿ. ಈಗ ನಾನು ಹೋಗ್ಲಿ ಅಂತ ಇಲ್ಲ ಅಂತಿದೀರಿ. ಎರಡೂ ನನಗೋಸ್ಕರಾನೇ. ನಿಮ್ಮ ವಿಷ್ಯ ಇದ್ರಲ್ಲಿ ಎಲ್ಲಿದೆ?"

ಒಳ್ಳೆಯ ಪ್ರಶ್ನೆ ಕೇಳಿದ್ದಳು. ಆ ಗಾಬರಿಯಲ್ಲೂ ನನಗೆ ಹಾಗನ್ನಿಸಿತು.

"ಮೊದಲಿಂದ ಕೇಳು" ಎಂದೆ. "ನಿದ್ದೆಯಿಂದ ಕೇಳು."

ಕೇಳಿದಳು. ಬೆಳಗಿನ ಜಾವ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ, ಗಡಿಯಾರ ನೋಡುವುದಿಲ್ಲ ಎಂದೆ. ಊಟ ಕೇಳಿದಳು. ಅದನ್ನು ಹೇಳಲು ಸ್ವಲ್ಪ ಹೊತ್ತು ಹಿಡಿಯಿತು. "ಊಟ ಸೇರ್ತದೆ ಚೈತ್ರಾ. ಚೆನ್ನಾಗೇ ಸೇರ್ತದೆ. ಅವನು ಹೋದ ಹದಿಮೂರನೇ ದಿನ ನಾನು ಮೂರು ಸಲ ಬಡಿಸ್ಕೊಂಡು ತಿಂದೆ. ಯಾರಾದ್ರೂ ನೋಡುದ್ರೇನೋ ಅಂತ ಆಮೇಲೆ ನಾಚಿಕೆ ಆಯ್ತು. ಈಗ್ಲೂ ತಟ್ಟೆ ಮುಂದೆ ಕೂತ್ರೆ ಆಯ್ತದೆ."

ಗಡಿಯಾರವೂ ಇರಲಿಲ್ಲ, ಹಾಳೆಯೂ ಇರಲಿಲ್ಲ.

"ಆ ಧ್ವನಿ ಕೇಳಿಸೋದು ಸುಳ್ಳು ಅಂದೆ ಅಲ್ವಾ. ನಿಜ ಏನು ಅಂದ್ರೆ, ನಂಗೆ ಅವನ ಧ್ವನಿ ನೆನಪಾಗಲ್ಲ. ಫೋನಲ್ಲಿ ಅವನು ಕಳಿಸಿದ್ದ ವಾಯ್ಸ್ ಮೆಸೇಜು ಒಂದದೆ. 'ಅಮ್ಮ, ಕೊತ್ತಂಬರಿ ಸೊಪ್ಪು ತರ್ಲಾ, ಪುದೀನ ತರ್ಲಾ' ಅಂತ. ಅದನ್ನ ಕೇಳೀ ಕೇಳೀ ಈಗ ಅವನು ಅದೊಂದನ್ನೇ ಅಂತಾನೆ. ಬೇರೆ ಏನಾದ್ರೂ ಅನ್ಲಿ ಅಂತ ಕಣ್ಣು ಮುಚ್ಚಿ ಕೂತ್ಕೋತೀನಿ. ಬಾಗಿಲಲ್ಲಿ ನಿಂತು ಕರೀಲಿ, ಬೈಲಿ, ಏನಾರ. ಬರಲ್ಲ. ಆ ಮುದುಕಪ್ಪಂಗೆ ಹೆಂಡ್ತಿ ಕರೆಯೋದು ಕೇಳ್ತದೆ ಅಂದಾಗ ನಂಗೆ ಹೊಟ್ಟೆ ಉರೀತು. ಅದ್ಕೇ ಅದನ್ನ ಎತ್ಕಂಡ್ ಬಂದೆ."

ಇದನ್ನು ನಾನು ಅವಳಿಗೆ ಹೇಳುವವರೆಗೂ ನನಗೇ ಗೊತ್ತಿರಲಿಲ್ಲ. ಬರೀ ಸಹಾಯಕ್ಕೆಂದು ತಂದೆ ಎಂದೇ ತಿಳಿದಿದ್ದೆ.

ಚೈತ್ರಾ ಅತ್ತಳು. ಓದಿಕೊಂಡವರು ಹಾಗೆ ಎದುರಿಗೆ ಕೂತು ಅಳಬಾರದೇನೋ, ನನಗೆ ಗೊತ್ತಿಲ್ಲ. ಮೂಗು ಒರೆಸಿಕೊಂಡು "ನಂಗೆ ಕೇಳ್ಸೋದು 'ಗಾಡಿ ಕೀ ಎಲ್ಲಿಟ್ಟೆ, ಒಂದು ವಸ್ತು ಜಾಗದಲ್ಲಿ ಇರಲ್ಲ ಈ ಮನೇಲಿ' ಅನ್ನೋದು ಮಾತ್ರ" ಎಂದಳು. "ಪ್ರೀತಿಯಿಂದ ಎಷ್ಟೋ ಮಾತಾಡಿದ್ರು ಅತ್ತೆ. ಒಂದೂ ಇಲ್ಲ. ಬರೀ ಗಾಡಿ ಕೀ."

"ನಿಂಗೆ ಬೈಗುಳ ಆದ್ರೂ ಅದೆ. ನಂಗೆ ಬರೀ ಸೊಪ್ಪು."

ಇಬ್ಬರಿಗೂ ನಗು ಬಂತು. ಹೂವು ತಂದ ಪುಟ್ಟಮ್ಮಕ್ಕ ಬಾಗಿಲಲ್ಲಿ ನಿಂತು, ಅಳುತ್ತ ನಗುತ್ತಿದ್ದ ನಮ್ಮಿಬ್ಬರನ್ನೂ ನೋಡಿ "ಅಯ್ಯೋ ಸಿವನೆ, ಇವ್ಳಿಗೂ ಅಂಟ್ಕಂತಲ್ಲಪ್ಪ!" ಎಂದು ಎದೆ ಹಿಡಿದುಕೊಂಡರು. ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಲು ಒಂದು ಗಂಟೆ ಹಿಡಿಯಿತು. ಕೇಳಿ ಮುಗಿದ ಮೇಲೆ ಅವರಿಗೆ ಬಂದ ಸಿಟ್ಟೇ ಬೇರೆ. "ಅಂಗಾರೆ ನಾನು ಬಂದುದ್ದು ದಂಡಾನಾ? ಆಟೋ ಮಾಡ್ಕಂಡ್ ಬಂದಿವ್ನಿ ಕಣೆ, ಬಸ್ಸಲ್ಲೂ ಅಲ್ಲ." ದಂಡವಾಗಬಾರದೆಂದು ಬುಧವಾರದವರೆಗೆ ಇದ್ದು ಮುದ್ದೆ, ಬಸ್ಸಾರು ಮಾಡಿ ಬಡಿಸಿದರು. ನಾನು ಎರಡನೆಯ ಸಲ ಬಡಿಸಿಕೊಂಡಾಗ ಚೈತ್ರಾ ತನ್ನ ತಟ್ಟೆಯನ್ನೂ ಮುಂದಕ್ಕೆ ತಳ್ಳಿದಳು.

ಮಂಗಳವಾರ ಅವಳು ಕಚೇರಿಗೆ ರಜೆ ಹಾಕಿ, ಮೊದಲು ಬರೆದಿದ್ದ ಒಂದು ಪುಟವನ್ನು ಬಿಟ್ಟು ಹೊಸದಾಗಿ ಬರೆದಳು. ಮೊದಲಿನದರಲ್ಲಿ ಸಮಾಜಕ್ಕೆ ಸೇವೆ ಎಂದು ಏನೇನೋ ಇತ್ತಂತೆ. ಹೊಸದನ್ನು ನನಗೆ ಕನ್ನಡದಲ್ಲಿ ಹೇಳಿದಳು: ಮನೆಯವರೊಬ್ಬರು ಇಲ್ಲದ ಕಾಯಿಲೆಗಳನ್ನು ಹೇಳುತ್ತ ಹೋದರು, ನಾನು ಅಷ್ಟನ್ನೂ ನಂಬಿ ಬರೆದುಕೊಂಡೆ, ಏಕೆಂದರೆ ಅವು ನನ್ನ ಖಾನೆಗಳಿಗೆ ಸರಿಯಾಗಿ ಕೂರುತ್ತಿದ್ದವು. ನಿಜವಾದದ್ದಕ್ಕೆ ಆ ಹಾಳೆಯಲ್ಲಿ ಖಾನೆಯೇ ಇರಲಿಲ್ಲ. ಅದನ್ನು ಕೇಳುವುದು ಹೇಗೆ ಎಂದು ಕಲಿಯಬೇಕು. ಇಷ್ಟು ಅದರ ಸಾರಾಂಶ.

"ನನ್ನ ಹೆಸ್ರು ಹಾಕಿದ್ಯಾ?"

"ಇಲ್ಲ. ಸಂಬಂಧಾನೂ ಹಾಕಿಲ್ಲ. ಆದ್ರೂ ಕೇಳ್ತೀನಿ, ಕಳಿಸ್ಲಾ?"

"ಕಳ್ಸು" ಎಂದೆ. ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಗುಂಡಿ ಒತ್ತಿದಳು.

ನಾನೂ ಮಾಡಬೇಕಾದದ್ದೊಂದಿತ್ತು. ಗ್ಯಾಸಿನ ಹೆಂಗಸು ಹಲ್ಲಿಗೆ ಕ್ಯಾಪ್ ಹಾಕಿಸಲು ಬಂದಾಗ, ನೀವು ಹೇಳಿದ್ದನ್ನು ನಾನು ಮನೆಯಲ್ಲಿ ಒಬ್ಬರಿಗೆ ಹೇಳಿಬಿಟ್ಟೆ, ನಿಮ್ಮ ಹೆಸರು ಹೇಳಲಿಲ್ಲ, ಆದರೂ ತಪ್ಪಾಯಿತು ಎಂದೆ. ಆಕೆಗೆ ಬೇಸರವಾಯಿತು, ಮುಖದಲ್ಲೇ ಗೊತ್ತಾಯಿತು. ಸ್ವಲ್ಪ ಹೊತ್ತಿನ ಮೇಲೆ "ಅವ್ರು ಏನಂದ್ರು?" ಎಂದು ಕೇಳಿದರು. ಇದಕ್ಕೆ ನೋಡುವವರು ಇದ್ದಾರಂತೆ ಎಂದು ಚೈತ್ರಾ ಬರೆದುಕೊಟ್ಟ ಚೀಟಿಯನ್ನು ಕೊಟ್ಟೆ. ಪರ್ಸಿನೊಳಗೆ ಇಟ್ಟುಕೊಂಡರು. ಹೋದರೋ ಇಲ್ಲವೋ ತಿಳಿಯದು. ನಾನು ಮತ್ತೆ ಕೇಳಲಿಲ್ಲ.

ಪರೀಕ್ಷೆಗಳು ಮೇ ತಿಂಗಳಲ್ಲಿ ಆದವು. ಸಂದರ್ಶನಕ್ಕೆ ಜೂನಿನಲ್ಲಿ ನಾವಿಬ್ಬರೂ ಬಸ್ಸಿನಲ್ಲಿ ಮಂಗಳೂರಿಗೆ ಹೋದೆವು. ನಾನು ಆ ಕಡೆಗೆ ಹೋದದ್ದು ಅದೇ ಮೊದಲು. ಅಲ್ಲಿಯ ಮಳೆ ನಮ್ಮ ಮೈಸೂರಿನ ಮಳೆಯಂತೆ ಹೇಳಿ ಕೇಳಿ ಬರುವುದಲ್ಲ. ಕಾಲೇಜಿನ ಜಗಲಿಯಲ್ಲಿ ಬೆಂಚುಗಳಿದ್ದವು. ಅವತ್ತು ನಾನು ಬೆಂಚಿನ ಮೇಲೆ ಕೂರುವವಳಾದೆ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಬೆರಳು ಕಚ್ಚುತ್ತ, ಏನೂ ಕೇಳದಿದ್ದರೂ ತನ್ನ ವಿಷಯವನ್ನೆಲ್ಲ ನನಗೆ ಹೇಳಿದಳು. ಅದನ್ನು ಅಲ್ಲೇ ಬಿಟ್ಟು ಬಂದೆ.

ಚೈತ್ರಾ ಹೊರಗೆ ಬಂದದ್ದು ನಲವತ್ತು ನಿಮಿಷದ ಮೇಲೆ.

"ಏನ್ ಕೇಳುದ್ರು?"

"ಆ ಪುಟದ್ದೇ ಕೇಳಿದ್ರು ಅತ್ತೆ. ಮತ್ತೆ ಅಂಥವ್ರು ಸಿಕ್ರೆ ಏನು ಮಾಡ್ತೀರಿ ಅಂದ್ರು."

"ನೀನೇನಂದೆ?"

"ಇವ್ರು ನನ್ನ ಹತ್ರ ಸಹಾಯಕ್ಕೆ ಬಂದಿದಾರೋ, ಇಲ್ಲಾ ನಂಗೇ ಸಹಾಯ ಮಾಡ್ತಿದಾರೋ ಅಂತ ಮೊದ್ಲು ನೋಡ್ತೀನಿ ಅಂದೆ. ಒಬ್ಬರು ಮೇಡಂ ನಕ್ಕರು. ಇನ್ನೊಬ್ಬರು ನಗ್ಲಿಲ್ಲ."

ನಗದ ಆ ಇನ್ನೊಬ್ಬರ ಬಗ್ಗೆ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆವು. ಮಡಿಕೇರಿಯಲ್ಲಿ ಬಸ್ಸು ನಿಂತಾಗಲೂ ಅದೇ ಮಾತು. ಮೂರು ವಾರದ ಮೇಲೆ, ಆಷಾಢದ ಒಂದು ಶುಕ್ರವಾರ, ಬೆಟ್ಟಕ್ಕೆ ಹೋಗುವವರ ಬಸ್ಸುಗಳು ನಮ್ಮ ಕ್ಲಿನಿಕ್ಕಿನ ಮುಂದಿನ ರಸ್ತೆಯನ್ನೆಲ್ಲ ತುಂಬಿದ್ದಾಗ ಅವಳ ಫೋನು ಬಂತು. ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ಮಂಗಳೂರಿನದು ಸಿಕ್ಕಿದೆ ಎಂದು ಮಾತ್ರ ಗೊತ್ತಾಯಿತು. ಬೆಂಗಳೂರಿನದು ಸಿಗಲಿಲ್ಲ. ಮೈಸೂರಿನದೂ ಸಿಕ್ಕಿತು. ಒಂದು ವಾರ ಯಾವುದಕ್ಕೆ ಹೋಗುವುದೆಂದು ಅವಳು ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ದೊಡ್ಡ ಸೂಟ್‌ಕೇಸ್ ತೆಗೆದು ಒರೆಸತೊಡಗಿದಳು.

ಮಂಗಳೂರಿಗೆ ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಅವಳ ಅಪ್ಪ ಸೂಟ್‌ಕೇಸನ್ನು ಬಸ್ಸಿನ ಡಿಕ್ಕಿಗೆ ಹಾಕಿಸುತ್ತಿದ್ದರು. ಸಣ್ಣ ಸೋನೆ. ಚೈತ್ರಾ ಒಂದು ಕಾಲು ಮೆಟ್ಟಿಲ ಮೇಲಿಟ್ಟವಳು ಇಳಿದು ನನ್ನ ಹತ್ತಿರ ಬಂದಳು.

"ಅತ್ತೆ, ನಾನು ಹೋದ್ರೆ ನಿಮಗೆ ಹೇಗಿರತ್ತೆ?"

ಏನೂ ಆಗುವುದಿಲ್ಲ, ಆರಾಮಾಗಿರುತ್ತೇನೆ ಎಂಬ ಮಾತು ಬಾಯಿಯ ತನಕ ಬಂದಿತ್ತು. ಕಂಡಕ್ಟರ್ ಸೀಟಿ ಊದಿದ. ಅವಳು ಕದಲದೆ ನಿಂತಿದ್ದಳು.

"ಕಷ್ಟ ಆಯ್ತದೆ ಕಣವ್ವ" ಎಂದೆ. "ತುಂಬ ಕಷ್ಟ ಆಯ್ತದೆ. ಹೋಗ್ಬುಟ್ ಬಾ."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಲೆಯಾಡಿಸಿ ಬಸ್ಸು ಹತ್ತಿದಳು.